ಕಾಟಾದ ಡಿಎಲ್‌ಎಲ್ ಕೊಟ್ಟ ಬೈಟು ಬೇಸಿಕ್ ಸ್ಟ್ರಿಂಗಿನಲ್ಲಿ ಪೂರ್ತಿ ಇಳಿಯಬೇಕಾದರೆ

ಬೆಳಗಾವಿ, ಬಾಗಲಕೋಟೆ ಕಡೆಯ ಕಬ್ಬಿನ ಕಾಟಾಗಳಿಗೆ (ಗಾಡಿ ತೂಗುವ ಯಂತ್ರಗಳಿಗೆ) ನಾನು ಮಾಡಿಕೊಡುವ ಪ್ರೋಗ್ರಾಂ ಇವತ್ತಿಗೂ ಫ್ರೀಬೇಸಿಕ್ ಎಂಬ ಬೇಸಿಕ್ ಭಾಷೆಯಲ್ಲೇ ಇದೆ. ಹಳೇ ಕಂಪ್ಯೂಟರಿನಲ್ಲೂ ಓಡುತ್ತದೆ, ಒಂದೇ ಇಎಕ್ಸ್‌ಇ ಫೈಲು, ಇನ್‌ಸ್ಟಾಲ್ ಮಾಡುವ ರಗಳೆ ಇಲ್ಲ. ತೂಕ ತೋರಿಸುವ ಯಂತ್ರದ ಜೊತೆ ತಯಾರಕರು ಒಂದು ಡಿಎಲ್‌ಎಲ್ ಕೊಡುತ್ತಾರೆ, ಅಂದರೆ ಬೇರೆ ಪ್ರೋಗ್ರಾಂ ಕರೆದು ಬಳಸುವ ಕೋಡಿನ ಫೈಲು. ಅದನ್ನು ಕರೆದರೆ ಸಿಗುವುದು ಎರಡೇ: ಒಂದು ಪಾಯಿಂಟರ್ (ಮೆಮೊರಿಯ ವಿಳಾಸ), ಒಂದು ಉದ್ದ. ಆ ವಿಳಾಸದಲ್ಲಿರುವ ಬೈಟುಗಳನ್ನು ಸ್ಟ್ರಿಂಗಿಗೆ (ಅಕ್ಷರಗಳ ಸಾಲು ಹಿಡಿಯುವ ವೇರಿಯಬಲ್ಲಿಗೆ) ಇಳಿಸಿಕೊಳ್ಳುವುದು ನಾಲ್ಕೈದು ಸಾಲಿನ ಕೆಲಸ. ಕೆಡುವುದೂ ಆ ನಾಲ್ಕೈದು ಸಾಲಿನಲ್ಲೇ.

ಕೆಳಗೆ ಕೀವರ್ಡುಗಳನ್ನೂ ವೇರಿಯಬಲ್ಲುಗಳ ಹೆಸರನ್ನೂ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಎಡಿಟರಿನಲ್ಲಿ ಅವನ್ನೇ ಇಂಗ್ಲಿಷಿನಲ್ಲಿ ಹೊಡೆಯಬೇಕು.

ಹೆಚ್ಚಿನವರು ಮೊದಲು ಬರೆಯುವ ಸಾಲು ಇದು:

ಮಾಹಿತಿ = *ಕಾಸ್ಟ್(ಝಡ್‌ಸ್ಟ್ರಿಂಗ್ ಪಿಟಿಆರ್, ಮೂಲ)

ಝಡ್‌ಸ್ಟ್ರಿಂಗ್ ಅಂದರೆ 0 ಬೈಟು ಬರುವವರೆಗೆ ಮಾತ್ರ ಓದುವ ಸ್ಟ್ರಿಂಗು. ಬರೀ ಅಕ್ಷರಗಳಿದ್ದರೆ ತೊಂದರೆ ಇಲ್ಲ. ತೂಕದ ದಾಖಲೆಯಲ್ಲಿ ಮೊದಲ 4 ಬೈಟು ಕಿಲೋ ಲೆಕ್ಕದ ತೂಕ, ಕಡಿಮೆ ಬೆಲೆಯ ಬೈಟು ಮೊದಲು. 23,460 ಕಿಲೋ ಇದ್ದರೆ ಮೆಮೊರಿಯಲ್ಲಿ 164, 91, 0, 0 ಇರುತ್ತದೆ. ಝಡ್‌ಸ್ಟ್ರಿಂಗ್ ಎರಡು ಬೈಟು ತಂದು ನಿಂತುಬಿಡುತ್ತದೆ. ಅದನ್ನು ಬೈಟುಗಳಿಂದ ಅಂಕಿ ಮಾಡುವ ಸಿವಿಎಲ್‌ಗೆ ಕೊಟ್ಟರೆ ಉತ್ತರ 0, ಯಾಕೆಂದರೆ ಸಿವಿಎಲ್‌ಗೆ 4 ಬೈಟು ಬೇಕು. ಆಗ ಕೆಲವರು ಸಿವಿಎಲ್ ತೆಗೆದು 2 ಬೈಟು ಸಾಕಾಗುವ ಸಿವಿಶಾರ್ಟ್ ಹಾಕುತ್ತಾರೆ. 23,460 ಸರಿಯಾಗಿ ಬರುತ್ತದೆ, ಎಲ್ಲರೂ ಖುಷಿ.

ಮುಂದೆ ಒಂದು ಟ್ರ್ಯಾಕ್ಟರ್ 25,600 ಕಿಲೋ ತೂಗುತ್ತದೆ. ಅದರ ಬೈಟುಗಳು 0, 100, 0, 0. ಮೊದಲನೆಯದೇ 0 ಆದ್ದರಿಂದ ಸ್ಟ್ರಿಂಗು ಖಾಲಿ, ತೂಕ ಸೊನ್ನೆ. 10 ಕಿಲೋ ಹೆಜ್ಜೆಯ ಕಾಟಾದಲ್ಲಿ ಇದು ಪ್ರತಿ 1,280 ಕಿಲೋಗೆ ಒಮ್ಮೆ ಬರುತ್ತದೆ: 24,320, 25,600, 26,880, ಹೀಗೆ. 128 ಅಳತೆಗೆ ಒಂದು. ಉಳಿದ 127 ಸರಿ ಇರುವುದರಿಂದ ಬೈಯಿಸಿಕೊಳ್ಳುವುದು ವೈರು ಮತ್ತು ತೂಕ ಅಳೆಯುವ ಲೋಡ್‌ಸೆಲ್, ಪ್ರೋಗ್ರಾಂ ಅಲ್ಲ. ಕಾಟಾದ ಬಗ್ಗೆ ಮೊದಲೇ ಅನುಮಾನ ಇಟ್ಟುಕೊಂಡ ರೈತರ ಮುಂದೆ ಸೊನ್ನೆ ತೂಕದ ಚೀಟಿ ಬಂದರೆ ಮಾತು ಎಲ್ಲಿಗೆ ಹೋಗುತ್ತದೆ ಎಂದು ಈ ಭಾಗದವರಿಗೆ ಹೇಳಬೇಕಿಲ್ಲ. ಅದೇ ಸಿವಿಶಾರ್ಟ್ 40,000 ಕಿಲೋದ ಲಾರಿಗೆ ಮೈನಸ್ 25,536 ತೋರಿಸುತ್ತದೆ. ಅದು ಕಣ್ಣಿಗೆ ಬೀಳುತ್ತದೆ, ಆ ಮಟ್ಟಿಗೆ ವಾಸಿ.

ಹಾಗಾಗಿ ಉದ್ದವನ್ನು ಬೈಟುಗಳಲ್ಲಿ ಹುಡುಕಬಾರದು, ಡಿಎಲ್‌ಎಲ್ ಕೊಟ್ಟ ಉದ್ದವನ್ನೇ ಹಿಡಿಯಬೇಕು. ಅಷ್ಟು ಜಾಗವನ್ನು ಬೇಸಿಕ್ ಕೈಯಿಂದಲೇ ಮಾಡಿಸಿ, ಆಮೇಲೆ ಅದರೊಳಗೆ ತುಂಬಬೇಕು. ನನ್ನ ಫಂಕ್ಷನ್ನಿಗೆ ಮೂರು ಪ್ಯಾರಾಮೀಟರ್: ಮೂಲ (ಬೈವ್ಯಾಲ್ ಎನಿ ಪಿಟಿಆರ್), ಉದ್ದ (ಬೈವ್ಯಾಲ್ ಲಾಂಗ್), ಮಾಹಿತಿ (ಬೈರೆಫ್ ಸ್ಟ್ರಿಂಗ್). ಬೈವ್ಯಾಲ್ ಅಂದರೆ ಬೆಲೆಯ ನಕಲು ಹೋಗುತ್ತದೆ, ಬೈರೆಫ್ ಅಂದರೆ ವೇರಿಯಬಲ್ಲೇ ಹೋಗುತ್ತದೆ. ವಾಪಸು ಕೊಡುವುದು ಬೂಲಿಯನ್, ಅಂದರೆ ಟ್ರೂ ಅಥವಾ ಫಾಲ್ಸ್. ಸ್ಟ್ರಿಂಗನ್ನೇ ವಾಪಸು ಕೊಟ್ಟರೆ ‘ಡೇಟಾ ಇಲ್ಲ’ ಎಂಬುದಕ್ಕೂ ‘ಕೆಲಸ ಕೆಟ್ಟಿತು’ ಎಂಬುದಕ್ಕೂ ಒಂದೇ ಖಾಲಿ ಸ್ಟ್ರಿಂಗು ಬರುತ್ತದೆ. ಒಳಗಿನ ಸಾಲುಗಳು:

ಮಾಹಿತಿ = ""
ಇಫ್ ಉದ್ದ = 0 ದೆನ್ ರಿಟರ್ನ್ ಟ್ರೂ
ಇಫ್ ಮೂಲ = 0 ಆರ್‌ಎಲ್ಸ್ ಉದ್ದ < 0 ಆರ್‌ಎಲ್ಸ್ ಉದ್ದ > 65536 ದೆನ್ ರಿಟರ್ನ್ ಫಾಲ್ಸ್
ಮಾಹಿತಿ = ಸ್ಟ್ರಿಂಗ್(ಉದ್ದ, 0)
ಇಫ್ ಲೆನ್(ಮಾಹಿತಿ) <> ಉದ್ದ ದೆನ್ ರಿಟರ್ನ್ ಫಾಲ್ಸ್
ಮೆಮ್‌ಕಾಪಿ(ಸ್ಟ್ರ್‌ಪಿಟಿಆರ್(ಮಾಹಿತಿ), ಮೂಲ, ಉದ್ದ)
ರಿಟರ್ನ್ ಟ್ರೂ

ಬೈಟುಗಳನ್ನು ನಕಲು ಮಾಡುವ ಮೆಮ್‌ಕಾಪಿ ಬೇಕಾದರೆ ಸಿಆರ್‌ಟಿ ಫೋಲ್ಡರಿನ ಸ್ಟ್ರಿಂಗ್ ಡಾಟ್ ಬಿಐ ಫೈಲನ್ನು ಇನ್‌ಕ್ಲೂಡ್ ಮಾಡಬೇಕು. 65,536 ನಾನು ಹಾಕಿಕೊಂಡ ಮಿತಿ. 64 ಬೈಟಿನ ದಾಖಲೆ ಕೊಡುವ ಯಂತ್ರ 40 ಕೋಟಿ ಉದ್ದ ಹೇಳಿದರೆ ಅದು ಕಸ, ಅಷ್ಟಕ್ಕೆ ಜಾಗ ಕೇಳುವ ಅಗತ್ಯವೇ ಇಲ್ಲ. ಆದರೆ ಉದ್ದ 64 ಎಂದು ಹೇಳಿ ಅಲ್ಲಿ 40 ಬೈಟೇ ಇದ್ದರೆ ಅದನ್ನು ಯಾವ ಇಫ್ ಕೂಡ ಹಿಡಿಯಲಾರದು. ತಯಾರಕರ ಕೈಪಿಡಿಯನ್ನು ನಂಬಬೇಕು, ಇಲ್ಲವೇ ಫೋನ್ ಮಾಡಿ ಕೇಳಬೇಕು.

ಈಗ ಸ್ಟ್ರಿಂಗಿನ ಅಕ್ಷರಗಳ ವಿಳಾಸ ಕೊಡುವ ಸ್ಟ್ರ್‌ಪಿಟಿಆರ್ ಯಾಕೆ ಎಂಬುದು. ಫ್ರೀಬೇಸಿಕ್‌ನ ಸ್ಟ್ರಿಂಗ್ ವೇರಿಯಬಲ್ಲಿನಲ್ಲಿ ಅಕ್ಷರಗಳಿರುವುದಿಲ್ಲ. ಅಲ್ಲಿರುವುದು ಡಿಸ್ಕ್ರಿಪ್ಟರ್: ಡೇಟಾದ ವಿಳಾಸ, ಉದ್ದ, ಕಾದಿರಿಸಿದ ಜಾಗದ ಅಳತೆ. 32 ಬಿಟ್‌ನಲ್ಲಿ 12 ಬೈಟು, 64 ಬಿಟ್‌ನಲ್ಲಿ 24 ಬೈಟು. ಅಕ್ಷರಗಳು ಬೇರೆ ಕಡೆ, ಹೀಪ್‌ನಲ್ಲಿ (ಪ್ರೋಗ್ರಾಂ ಓಡುವಾಗ ಕೇಳಿ ಪಡೆಯುವ ಮೆಮೊರಿಯಲ್ಲಿ). ಸ್ಟ್ರ್‌ಪಿಟಿಆರ್ ಬದಲು ವೇರಿಯಬಲ್ಲಿನ ಹೆಸರಿಗೆ ಮೊದಲು ಆ್ಯಟ್ ಚಿಹ್ನೆ ಹಾಕಿದರೆ ಸಿಗುವುದು ಡಿಸ್ಕ್ರಿಪ್ಟರಿನ ವಿಳಾಸ. ಅಲ್ಲಿಗೆ 64 ಬೈಟು ಸುರಿದರೆ ಡಿಸ್ಕ್ರಿಪ್ಟರೂ ಹೋಯಿತು, ಅದರ ಪಕ್ಕದ ವೇರಿಯಬಲ್ಲುಗಳೂ ಹೋದವು. ಪ್ರೋಗ್ರಾಂ ಎಷ್ಟೋ ಸಲ ಅಲ್ಲೇ ಬೀಳುವುದಿಲ್ಲ. ಸಬ್ (ಬೆಲೆ ವಾಪಸು ಕೊಡದ ಫಂಕ್ಷನ್) ಮುಗಿದು ಸ್ಟ್ರಿಂಗನ್ನು ಬಿಡುಗಡೆ ಮಾಡುವಾಗ, ಕೆಟ್ಟ ವಿಳಾಸ ಹಿಡಿದು ಬೀಳುತ್ತದೆ. ಎಂಡ್ ಸಬ್ ಸಾಲಿನಲ್ಲಿ ಪ್ರೋಗ್ರಾಂ ಬಿದ್ದರೆ ನಾನು ಮೊದಲು ನೋಡುವುದು ಇದನ್ನೇ.

ಖಾಲಿ ಸ್ಟ್ರಿಂಗಿಗೆ ಸ್ಟ್ರ್‌ಪಿಟಿಆರ್ ಕೊಡುವುದು 0. ಸ್ಟ್ರಿಂಗ್(ಉದ್ದ, 0) ಸಾಲು ಬಿಟ್ಟುಹೋದರೆ ಮೆಮ್‌ಕಾಪಿಯಲ್ಲೇ ಬೀಳುತ್ತದೆ, ಹುಡುಕುವ ಕಷ್ಟವಿಲ್ಲ. ಜಾಗ 20, ನಕಲು 64 ಆದರೆ ಕಷ್ಟ. ಹೀಪ್ ಕೆಡುತ್ತದೆ, ಸಂಬಂಧವೇ ಇಲ್ಲದ ಇನ್ನೊಂದು ಸ್ಟ್ರಿಂಗಿನ ಕೆಲಸದಲ್ಲಿ ಪ್ರೋಗ್ರಾಂ ಸಾಯುತ್ತದೆ. ಮೈನಸ್ ಇಎಕ್ಸ್‌ಎಕ್ಸ್ ಎಂಬ ಆಯ್ಕೆ ಹಾಕಿ ಕಂಪೈಲ್ ಮಾಡಿದರೆ ಅರೇ ಮಿತಿ ಮೀರಿದ್ದು, ಸೊನ್ನೆ ಪಾಯಿಂಟರ್ ಬಳಸಿದ್ದು ಸಿಕ್ಕಿಬೀಳುತ್ತವೆ. ಮೆಮ್‌ಕಾಪಿಯ ಅತಿಕ್ರಮಣ ಅದಕ್ಕೂ ಕಾಣದು. ಸ್ಟ್ರ್‌ಪಿಟಿಆರ್ ಬೆಲೆಯನ್ನು ಒಂದು ವೇರಿಯಬಲ್ಲಿನಲ್ಲಿ ಇಟ್ಟುಕೊಳ್ಳುವ ಚಟವೂ ಬೇಡ. ಆ ಸ್ಟ್ರಿಂಗಿಗೆ ಒಂದು ಅಕ್ಷರ ಸೇರಿಸಿದರೂ ಡೇಟಾ ಬೇರೆ ಜಾಗಕ್ಕೆ ಹೋಗಬಹುದು, ಇಟ್ಟುಕೊಂಡ ವಿಳಾಸ ಹಳತಾಗುತ್ತದೆ. ಬೇಕಾದ ಸಾಲಿನಲ್ಲೇ ಕೇಳಿ.

ಕೆಲವು ‘ಬುದ್ಧಿವಂತರು’ ನಕಲೇ ಬೇಡ ಎಂದು ಡಿಸ್ಕ್ರಿಪ್ಟರಿನೊಳಗೆ ಡಿಎಲ್‌ಎಲ್‌ನ ವಿಳಾಸವನ್ನೇ ಬರೆದುಬಿಡುತ್ತಾರೆ. ಆಮೇಲೆ ಬೇಸಿಕ್ ತಾನು ಕಾದಿರಿಸದ ಮೆಮೊರಿಯನ್ನು ಬಿಡುಗಡೆ ಮಾಡಲು ಹೋಗುತ್ತದೆ. 64 ಬೈಟಿನ ನಕಲಿಗೆ ಹಿಡಿಯುವ ಹೊತ್ತು ಕಣ್ಣಿಗೆ ಕಾಣುವಂಥದ್ದಲ್ಲ. ಅದನ್ನು ಉಳಿಸಲು ಇಷ್ಟು ಸಾಹಸ ಬೇಕಿಲ್ಲ.

ಡಿಎಲ್‌ಎಲ್‌ನ ಫಂಕ್ಷನ್ನನ್ನು ಬೇಸಿಕ್‌ಗೆ ಪರಿಚಯಿಸುವ ಡಿಕ್ಲೇರ್ ಸಾಲು ತಪ್ಪಿದ್ದರೆ ಮೇಲಿನದೆಲ್ಲ ಸರಿ ಇದ್ದೂ ಪ್ರಯೋಜನವಿಲ್ಲ. ಸಿ ಭಾಷೆಯ ಇಂಟ್ ಯಾವಾಗಲೂ ಫ್ರೀಬೇಸಿಕ್‌ನ ಲಾಂಗ್, ಇಂಟಿಜರ್ ಅಲ್ಲ. 64 ಬಿಟ್‌ನಲ್ಲಿ ಇಂಟಿಜರ್ 8 ಬೈಟು. ಉದ್ದವನ್ನು ಬೈರೆಫ್ ಇಂಟಿಜರ್ ಆಗಿ ಪಡೆದರೆ ಡಿಎಲ್‌ಎಲ್ 4 ಬೈಟು ಬರೆದು ಸುಮ್ಮನಾಗುತ್ತದೆ, ಉಳಿದ 4ರಲ್ಲಿ ಹಳೇ ಕಸ. ವಿಂಡೋಸ್‌ನಲ್ಲಿ ಫ್ರೀಬೇಸಿಕ್ ತಾನಾಗಿ ಹಿಡಿಯುವುದು ಫಂಕ್ಷನ್ ಕರೆಯುವ ಎಸ್‌ಟಿಡಿಕಾಲ್ ಪದ್ಧತಿ. ಡಿಎಲ್‌ಎಲ್ ಸಿಡೆಕ್ಲ್ ಎಂಬ ಇನ್ನೊಂದು ಪದ್ಧತಿಯದಾಗಿದ್ದರೆ 32 ಬಿಟ್‌ನಲ್ಲಿ ಸ್ಟ್ಯಾಕ್ ಕೆಡುತ್ತದೆ. ಡಿಎಲ್‌ಎಲ್ 32 ಬಿಟ್ಟಿನದಾದರೆ ಪ್ರೋಗ್ರಾಂ ಕೂಡ 32 ಬಿಟ್ಟಿನದೇ ಆಗಬೇಕು.

ಊರಿನ ಹೆಸರು ಬಂದಾಗ ಇನ್ನೊಂದು ಗಂಟು. ಡಿಎಲ್‌ಎಲ್ ಊರಿನ ಹೆಸರನ್ನು ಯುಟಿಎಫ್-16 ಎಂಬ ಅಕ್ಷರ ಸಂಕೇತದಲ್ಲಿ ಕೊಟ್ಟರೆ ಕನ್ನಡ ಅಕ್ಷರದ ಎರಡು ಬೈಟಿನಲ್ಲಿ ಎರಡನೆಯದು ಯಾವಾಗಲೂ 12, ಮೊದಲನೆಯದು 0 ಆಗುವುದೇ ಇಲ್ಲ. ಹಾಗಾಗಿ ‘ಮುಧೋಳ’ ಝಡ್‌ಸ್ಟ್ರಿಂಗಿನಲ್ಲೂ ಪೂರ್ತಿ ಬರುತ್ತದೆ. ‘ರಬಕವಿ ಬನಹಟ್ಟಿ’ ಬರುವುದಿಲ್ಲ. ನಡುವಿನ ಜಾಗದ ಬೈಟು 32, 0. ರಬಕವಿಯ 10 ಬೈಟು, ಒಂದು 32, ಒಟ್ಟು 11ಕ್ಕೆ ನಿಂತಿತು, ಬನಹಟ್ಟಿ ಹೋಯಿತು. ಜಮಖಂಡಿ, ತೇರದಾಳ ಎಂದು ಪರೀಕ್ಷೆ ಮಾಡಿದವರಿಗೆ ಇದು ಗೊತ್ತೇ ಆಗುವುದಿಲ್ಲ.

ಯುಟಿಎಫ್-8 ಎಂಬ ಇನ್ನೊಂದು ಸಂಕೇತವಾದರೆ ಪ್ರತಿ ಕನ್ನಡ ಚಿಹ್ನೆಗೆ 3 ಬೈಟು. ‘ಬೆಳಗಾವಿ’ಯಲ್ಲಿ ಸ್ವರಚಿಹ್ನೆ ಸೇರಿ 7 ಇವೆ, ಅಂದರೆ 21 ಬೈಟು. ಯಂತ್ರದ ದಾಖಲೆಯಲ್ಲಿ ಊರಿಗೆ 20 ಬೈಟು ಇಟ್ಟಿದ್ದರೆ ಒಂದು ಬೈಟಿನಿಂದ ಹೆಸರು ಕೆಡುತ್ತದೆ, ಕೊನೆಗೆ 224, 178 ಎಂಬ ಎರಡು ಅನಾಥ ಬೈಟು ಉಳಿಯುತ್ತವೆ. ಸ್ಟ್ರಿಂಗಿನಿಂದ ಆ ಜಾಗಕ್ಕೆ ಬರೆಯುವಾಗ ಕತ್ತರಿಸುವ ಜಾಗದ ಮುಂದಿನ ಬೈಟು 128ರಿಂದ 191ರೊಳಗಿದ್ದರೆ ಒಂದೊಂದೇ ಹಿಂದೆ ಸರಿಯಬೇಕು. ಬೆಳಗಾವಿಗೆ ಅದು 18ಕ್ಕೆ ನಿಲ್ಲುತ್ತದೆ, ಚೀಟಿಯಲ್ಲಿ ‘ಬೆಳಗಾವ’ ಎಂದು ಬರುತ್ತದೆ. ಬೈಟು ಲೆಕ್ಕ ಸರಿ, ಊರು ತಪ್ಪು. ನಾನು ಕನ್ನಡ ಹೆಸರಿಗೆ 60 ಬೈಟಿಗಿಂತ ಕಡಿಮೆ ಇಡುವುದಿಲ್ಲ. ಯಂತ್ರ ಒಪ್ಪದಿದ್ದರೆ ಅದಕ್ಕೆ ಊರಿನ ನಂಬರ್ ಮಾತ್ರ ಕೊಟ್ಟು ಹೆಸರನ್ನು ನಮ್ಮ ಫೈಲಿನಲ್ಲಿ ಇಡುತ್ತೇನೆ.

ಓದುವಾಗ, ಇಂಥ ನಿಗದಿತ ಅಗಲದ ಜಾಗವನ್ನು ಮೊದಲು ಪೂರ್ತಿ ನಕಲು ಮಾಡಿ, ಆಮೇಲೆ ಇನ್‌ಸ್ಟ್ರ್‌ನಿಂದ ಮೊದಲ 0 ಹುಡುಕಿ ಲೆಫ್ಟ್‌ನಿಂದ ಕತ್ತರಿಸುತ್ತೇನೆ. ಕೊನೆಯ ಖಾಲಿ ಜಾಗ ತೆಗೆಯುವ ಆರ್‌ಟ್ರಿಮ್ ಸಾಲದು: 0 ಆದಮೇಲೆ ಹಿಂದಿನ ಗಾಡಿಯ ಊರಿನ ಬಾಲ ಉಳಿದಿರಬಹುದು.

ಬೇರೆ ಬೇಸಿಕ್‌ಗಳಲ್ಲಿ ತತ್ವ ಇದೇ, ಸಲಕರಣೆ ಬೇರೆ. ಪವರ್‌ಬೇಸಿಕ್‌ನಲ್ಲಿ ಪೀಕ್ ಡಾಲರ್‌ಗೆ ವಿಳಾಸ, ಉದ್ದ ಕೊಟ್ಟರೆ ಮುಗಿಯಿತು. ವಿಬಿ6ರ ಸ್ಟ್ರಿಂಗು ಒಳಗೆ ಯುಟಿಎಫ್-16, ಮೇಲಾಗಿ ಡಿಎಲ್‌ಎಲ್‌ಗೆ ಬೈವ್ಯಾಲ್ ಸ್ಟ್ರಿಂಗ್ ಕಳಿಸಿದರೆ ಅದು ಆನ್ಸಿ ಎಂಬ ಬೇರೆ ಅಕ್ಷರ ಸಂಕೇತಕ್ಕೆ ಬದಲಾದ ತಾತ್ಕಾಲಿಕ ನಕಲನ್ನು ಕಳಿಸುತ್ತದೆ. ಕಚ್ಚಾ ಬೈಟಿಗೆ ಅಲ್ಲಿ ಬೈಟ್ ಅರೇಯೇ ಸರಿ. ಕ್ವಿಕ್‌ಬೇಸಿಕ್‌ನ ಹಳೇ ಕೋಡ್ ತಿದ್ದುವವರು ಸ್ಟ್ರಿಂಗಿನ ಮಿತಿ 32,767 ಎಂಬುದನ್ನೂ, ಸ್ಯಾಡ್ ಎಂಬ ಫಂಕ್ಷನ್ ಕೊಟ್ಟ ವಿಳಾಸ ಮುಂದಿನ ಸ್ಟ್ರಿಂಗ್ ಕೆಲಸದವರೆಗೆ ಮಾತ್ರ ನಿಜ ಎಂಬುದನ್ನೂ ನೆನಪಿಡಬೇಕು. ಜಿಡಬ್ಲ್ಯು-ಬೇಸಿಕ್‌ನಲ್ಲಿ ಮಿತಿ 255.

ಇನ್ನು ಕಾಲ್‌ಬ್ಯಾಕ್. ಕೆಲವು ಡಿಎಲ್‌ಎಲ್‌ಗಳು ತೂಕ ನಿಂತ ಕೂಡಲೇ ತಾವೇ ನಮ್ಮ ಸಬ್ಬನ್ನು ಕರೆಯುತ್ತವೆ, ಅದೂ ಬೇರೆ ಥ್ರೆಡ್‌ನಿಂದ, ಅಂದರೆ ನಮ್ಮ ಕೋಡಿನ ಜೊತೆಜೊತೆಗೇ ಓಡುವ ಇನ್ನೊಂದು ಕೆಲಸದ ಸಾಲಿನಿಂದ. ಸಬ್ ಮುಗಿದಮೇಲೆ ಆ ಪಾಯಿಂಟರ್ ನಮ್ಮದಲ್ಲ, ಆದ್ದರಿಂದ ನಕಲು ಅಲ್ಲೇ ಆಗಬೇಕು. ಎರಡು ಥ್ರೆಡ್ ಒಟ್ಟಿಗೆ ಮುಟ್ಟದಂತೆ, ಶೇರ್ಡ್ ಸ್ಟ್ರಿಂಗಿಗೆ ಬರೆಯುವ ಮುಂಚೆ ಮ್ಯೂಟೆಕ್ಸ್‌ಲಾಕ್, ಬರೆದಮೇಲೆ ಮ್ಯೂಟೆಕ್ಸ್‌ಅನ್‌ಲಾಕ್. ಪರದೆಗೆ ತೋರಿಸುವ ಕಡೆಯೂ ಹಾಗೆಯೇ. ಕಂಪೈಲ್ ಮಾಡುವಾಗ ಮೈನಸ್ ಎಂಟಿ (ಥ್ರೆಡ್‌ಗಳಿಗೆ ಹೊಂದುವ ಲೈಬ್ರರಿ ಹಿಡಿಯುವ ಆಯ್ಕೆ) ಕೊಡಿ, ಯಾಕೆಂದರೆ ಥ್ರೆಡ್ ಹುಟ್ಟಿಸುವುದು ಡಿಎಲ್‌ಎಲ್, ಕಂಪೈಲರಿಗೆ ಅದು ಗೊತ್ತಾಗುವುದಿಲ್ಲ.

ಪರೀಕ್ಷೆಗೆ ಕಾಟಾ ಬೇಕಿಲ್ಲ. 256 ಬೈಟಿನ ಅರೇಯಲ್ಲಿ 0ಯಿಂದ 255ರವರೆಗೆ ತುಂಬಿ ಫಂಕ್ಷನ್ನಿಗೆ ಕೊಡಿ. ಲೆನ್ 256 ಇರಬೇಕು, ಮಾಹಿತಿ[ಐ] ಪ್ರತಿ ಐಗೂ ಐ ಆಗಿರಬೇಕು. ಉದ್ದ 0, 1, ಮೈನಸ್ 1, ಮತ್ತು ಸೊನ್ನೆ ಪಾಯಿಂಟರ್ ಕೊಟ್ಟು ನೋಡಿ. ಕೊನೆಗೆ ಅರೇಯನ್ನೆಲ್ಲ 255 ಮಾಡಿ ಸ್ಟ್ರಿಂಗನ್ನು ಮತ್ತೆ ಓದಿ. ಅದು ಬದಲಾಗಿದ್ದರೆ ನಕಲು ಆಗಿಲ್ಲ, ಎಲ್ಲೋ ಮೂಲದ ವಿಳಾಸವೇ ಒಳಗೆ ಸೇರಿಕೊಂಡಿದೆ.