ಸೋಪಿಗೆ ಅಚ್ಚೊತ್ತುವ ಕೈ ಪ್ರೆಸ್: ನನ್ನ ಅನುಭವ

ಸೋಪ್ ಪ್ರೆಸ್ ತಗೋಬೇಕು, ಯಾವುದು ಒಳ್ಳೆಯದು ಎಂದು ಕೇಳುವವರು ಆಗಾಗ ಸಿಗುತ್ತಾರೆ. ಎಷ್ಟು ಟನ್ನಿನದು, ಗಾಳಿಯ ಒತ್ತಡದ್ದಾ, ಕೈಯಲ್ಲಿ ತಿರುಗಿಸುವುದಾ ಎಂದು ವಿಚಾರಿಸುತ್ತಾರೆ. ನಾನು ಮೊದಲು ತಿರುಗಿ ಕೇಳುವುದು ಇಷ್ಟು: ಅದರ ಕೆಳಗೆ ಇಡುವ ನಿಮ್ಮ ಸೋಪ್ ಎಂಥದ್ದು? ಎಷ್ಟು ಒಣಗಿದೆ? ಒತ್ತುವ ಹೊತ್ತಿಗೆ ಎಷ್ಟು ಬೆಚ್ಚಗಿರುತ್ತದೆ? ಹದ ಕೂಡಿದ ಸೋಪಿಗೆ ಸಾಧಾರಣ ಪ್ರೆಸ್ ಕೂಡ ಅಂದದ ರೂಪ ಕೊಡುತ್ತದೆ. ಹದ ತಪ್ಪಿದ ಸೋಪಿಗೆ ಎಷ್ಟು ದುಬಾರಿ ಯಂತ್ರ ತಂದರೂ ಬಿರುಕು, ಅಂಟು, ಅರ್ಧಂಬರ್ಧ ಅಕ್ಷರ ತಪ್ಪುವುದಿಲ್ಲ.

ನಮ್ಮದು ತಿಪಟೂರು ಕಡೆಯ ಊರು. ಕೊಬ್ಬರಿಗೆ ಬರವಿಲ್ಲ, ಗಾಣದ ಎಣ್ಣೆಗೂ ಬರವಿಲ್ಲ. ಮನೆ ಹಿಂದಿನ ಶೆಡ್ಡಿನಲ್ಲಿ ನಾನು, ನನ್ನ ಓರಗಿತ್ತಿ, ಪಕ್ಕದ ಮನೆಯ ಇಬ್ಬರು ಹೆಣ್ಣುಮಕ್ಕಳು ಸೇರಿ ಸ್ನಾನದ ಸೋಪ್ ಮಾಡುತ್ತೇವೆ. ಮೊದಮೊದಲು ಸಿಲಿಕಾನ್ ಅಚ್ಚಿಗೆ ಸುರಿದು ಮಾಡುತ್ತಿದ್ದೆವು. ತಿಂಗಳಿಗೆ ಐವತ್ತೋ ನೂರೋ ಸೋಪ್ ಮಾಡುವವರಿಗೆ ಅದೇ ಸಾಕು, ಪ್ರೆಸ್ ಬೇಡ. ಆದರೆ ಅಂಗಡಿಗೆ ಕೊಡಲು ಶುರು ಮಾಡಿದ ಮೇಲೆ ಒಂದು ಸೋಪಿನ ಹಾಗೆ ಇನ್ನೊಂದು ಇರಬೇಕಾಗುತ್ತದೆ. ತೂಕ ಒಂದೇ ಆಗಬೇಕು. ನೀರಿನಲ್ಲಿ ಬೇಗ ಕರಗಬಾರದು. ಅರೆದು, ಒತ್ತಿ ಮಾಡಿದ ಸೋಪಿನಲ್ಲಿ ಗಾಳಿಯೂ ನೀರೂ ಕಡಿಮೆ ಇರುತ್ತವೆ, ಹಾಗಾಗಿ ಅದು ಜಾಸ್ತಿ ದಿನ ಬರುತ್ತದೆ. ನಾವು ಪ್ರೆಸ್ ಕಡೆ ತಿರುಗಿದ್ದು ಇದಕ್ಕೇ.

ಬರೀ ತೆಂಗಿನೆಣ್ಣೆಯ ಸೋಪ್ ಗಟ್ಟಿ. ನೊರೆಯೂ ಚೆನ್ನಾಗಿ ಬರುತ್ತದೆ. ಆದರೆ ಒತ್ತಿದರೆ ಬಾಗುವುದಿಲ್ಲ, ಪುಡಿಯಾಗುತ್ತದೆ. ಪ್ರೆಸ್ಸಿಗೆ ಹೋಗುವ ಸೋಪಿಗೆ ಸ್ವಲ್ಪ ಮಿದುತನ ಬೇಕು. ನಾವು ಬಳಸುವ ಅಳತೆ ಹೀಗಿದೆ: ಒಂದು ಕೆಜಿ ಎಣ್ಣೆಯಲ್ಲಿ ತೆಂಗಿನೆಣ್ಣೆ 500 ಗ್ರಾಂ, ತಾಳೆ ಎಣ್ಣೆ 400 ಗ್ರಾಂ, ಹರಳೆಣ್ಣೆ 100 ಗ್ರಾಂ. ಒಂದು ಗ್ರಾಂ ತೆಂಗಿನೆಣ್ಣೆ ಪೂರ್ತಿ ಸೋಪ್ ಆಗಲು ಸುಮಾರು 0.183 ಗ್ರಾಂ ಕಾಸ್ಟಿಕ್ ಸೋಡಾ ಬೇಕು. ತಾಳೆ ಎಣ್ಣೆಗೆ 0.141, ಹರಳೆಣ್ಣೆಗೆ 0.128. ಲೆಕ್ಕ ಹಾಕಿದರೆ ಸುಮಾರು 161 ಗ್ರಾಂ ಬರುತ್ತದೆ. ಅದರಲ್ಲಿ ನೂರಕ್ಕೆ ಐದು ಪಾಲು ಕಡಿಮೆ ಮಾಡಿ 153 ಗ್ರಾಂ ಹಾಕುತ್ತೇವೆ. ಸ್ವಲ್ಪ ಎಣ್ಣೆ ಹಾಗೇ ಉಳಿದರೆ ಚರ್ಮಕ್ಕೆ ಹಿತ, ಕ್ಷಾರವೂ ಉಳಿಯುವುದಿಲ್ಲ. ಕಾಸ್ಟಿಕ್ ಕಲಸುವಾಗ ಕನ್ನಡಕ, ಗ್ಲೌಸ್ ಹಾಕಿಕೊಳ್ಳಲೇಬೇಕು. ಕಾಸ್ಟಿಕ್ಕನ್ನು ನೀರಿಗೆ ಹಾಕಬೇಕೇ ಹೊರತು ಅದರ ಮೇಲೆ ನೀರು ಸುರಿಯಬಾರದು.

ಹೀಗೆ ಮಾಡಿದ ಗಟ್ಟಿಯನ್ನು ಕೆಲವು ದಿನ ಬಿಟ್ಟು, ತುರಿದು, ಫ್ಯಾನ್ ಕೆಳಗೆ ಹರಡುತ್ತೇವೆ. ಇಡೀ ಕೆಲಸದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವ ಹಂತ ಇದು. ತುರಿಯಲ್ಲಿ ನೂರಕ್ಕೆ 12ರಿಂದ 13 ಪಾಲು ನೀರು ಉಳಿದಿರಬೇಕು. ಅದನ್ನು ಕಂಡುಕೊಳ್ಳಲು ದೊಡ್ಡ ಲ್ಯಾಬ್ ಬೇಕಿಲ್ಲ. ಒಂದಿಷ್ಟು ತುರಿ ತೂಗಿ, ಸಣ್ಣ ಓವನ್‌ನಲ್ಲಿ 105 ಡಿಗ್ರಿಯಲ್ಲಿಟ್ಟು, ತೂಕ ಇಳಿಯುವುದು ನಿಂತ ಮೇಲೆ ಮತ್ತೆ ತೂಗಿದರೆ ಗೊತ್ತಾಗುತ್ತದೆ. ಚಕ್ಕುಲಿ ಹಿಟ್ಟು ಕಲಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಒಣಗಿದರೆ ಅಂಚು ಸೀಳುತ್ತದೆ, ನೀರು ಹೆಚ್ಚಾದರೆ ಅಂಟುತ್ತದೆ. ನಮ್ಮ ಓರಗಿತ್ತಿ ಈಗ ತುರಿಯನ್ನು ಮುಷ್ಟಿಯಲ್ಲಿ ಹಿಸುಕಿಯೇ ಹೇಳುತ್ತಾಳೆ, "ಅಕ್ಕಾ, ಇನ್ನೊಂಚೂರು ಆರ್ಲಿ." ಓವನ್ ಲೆಕ್ಕಕ್ಕೂ ಅವಳ ಮಾತಿಗೂ ಹೆಚ್ಚು ವ್ಯತ್ಯಾಸ ಬರುವುದಿಲ್ಲ.

ಪರಿಮಳ ಕಲಸಿದ ತುರಿಯನ್ನು ಪ್ಲಾಡರ್ ಎಂಬ ಯಂತ್ರಕ್ಕೆ ಹಾಕುತ್ತೇವೆ. ಒಳಗಿನ ದಪ್ಪ ಸ್ಕ್ರೂ ಅದನ್ನು ಒತ್ತಿ, ಮುಂದಿನ ಮೂತಿಯಿಂದ ಉದ್ದ ಪಟ್ಟಿಯಾಗಿ ಹೊರಗೆ ತಳ್ಳುತ್ತದೆ. ಎರಡು ಸಲ ಹಾಯಿಸಿದರೆ ಒಳಗೆ ಗೀರು, ಚುಕ್ಕೆ ಉಳಿಯುವುದಿಲ್ಲ. ಮೂತಿಗೆ ಮಾತ್ರ 50–55 ಡಿಗ್ರಿ ಬಿಸಿ ಕೊಡುತ್ತೇವೆ, ಪಟ್ಟಿಯ ಮೇಲ್ಮೈ ನುಣುಪಾಗಲಿ ಎಂದು. ಒಳಗಿನ ಸೋಪ್ ಅಷ್ಟು ಕಾಯಬಾರದು. ಹೊರಗೆ ಬಂದ ಪಟ್ಟಿ 38 ಡಿಗ್ರಿ ಆಸುಪಾಸು ಇದ್ದಾಗ ತುಂಡು ಮಾಡಿ ಕೂಡಲೇ ಪ್ರೆಸ್ಸಿಗೆ ಇಡಬೇಕು. ತಟ್ಟೆಯಲ್ಲಿ ಪೇರಿಸಿಟ್ಟು, ಕಾಫಿ ಕುಡಿದು ಬಂದು ಒತ್ತೋಣ ಅಂದರೆ ಆಗುವುದಿಲ್ಲ. ಮೇಲಿನ ಪದರ ಆರಿ ಗಟ್ಟಿಯಾಗಿರುತ್ತದೆ, ಒಳಗೆ ಇನ್ನೂ ಮಿದು. ಒತ್ತಿದ ತಕ್ಷಣ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಬರುತ್ತದೆ. ಆ ಹೊತ್ತಿಗೆ ಕಣ್ಣಿಗೆ ಬೀಳದಿದ್ದರೂ ಗಿರಾಕಿಯ ಮನೆಯಲ್ಲಿ ನೀರು ತಾಗಿದ ಮೇಲೆ ಬಾಯಿ ಬಿಡುತ್ತದೆ.

ಈಗ ಪ್ರೆಸ್ ವಿಷಯ. ನಮ್ಮದು ಕೈಯಲ್ಲಿ ತಿರುಗಿಸುವ ಫ್ಲೈ ಪ್ರೆಸ್. ಎರಕದ ಕಬ್ಬಿಣದ ದೇಹ, ನಡುವೆ ಚೌಕ ಹಲ್ಲಿನ ದಪ್ಪ ಸ್ಕ್ರೂ, ಅದರ ತಲೆಗೆ ಅಡ್ಡ ತೋಳು, ತೋಳಿನ ತುದಿಗೆ ಭಾರದ ಗುಂಡು. ಗುಂಡು ಬೀಸಿದ ವೇಗವೇ ಕೆಳಗೆ ಒತ್ತಡವಾಗುತ್ತದೆ. ತಗಡು ಕತ್ತರಿಸುವ, ತೂತು ಹೊಡೆಯುವ ಸಣ್ಣ ವರ್ಕ್‌ಶಾಪ್‌ಗಳಲ್ಲಿ ಇದೇ ಪ್ರೆಸ್ ಇರುತ್ತದೆ. ಸೋಪಿಗೆಂದೇ ಬೇರೆ ದೇಹ ಮಾಡಿಸಬೇಕಿಲ್ಲ. ಹಳೆಯದನ್ನು ಕೊಳ್ಳುವಾಗ ಸ್ಕ್ರೂ ನೋಡಿದರೆ ಸಾಲದು, ರಾಮ್, ಅಂದರೆ ಮೇಲಿನ ಅಚ್ಚನ್ನು ಹಿಡಿದು ಮೇಲೆ ಕೆಳಗೆ ಓಡಾಡುವ ಭಾಗ, ಅದು ಸಾಗುವ ದಾರಿ (ಗೈಡ್) ಸವೆದಿದೆಯಾ ನೋಡಿ. ರಾಮನ್ನು ಕೈಯಲ್ಲಿ ಹಿಡಿದು ಅಕ್ಕಪಕ್ಕ ಅಲ್ಲಾಡಿಸಿ. ಆಟ ಇದ್ದರೆ ಮೇಲಿನ ಅಚ್ಚು ಕೆಳಗಿನದರ ಮೇಲೆ ಸರಿಯಾಗಿ ಕೂರುವುದಿಲ್ಲ, ಸೋಪಿನ ಸುತ್ತ ಮೆಟ್ಟಿಲು ಬೀಳುತ್ತದೆ. ಇಷ್ಟಿದ್ದರೂ ಅಚ್ಚಿನಲ್ಲೇ ಎರಡು ಗೈಡ್ ಪಿನ್ ಕೂರಿಸಿಕೊಳ್ಳುವುದು ಒಳ್ಳೆಯದು.

ಅಚ್ಚಿನಲ್ಲಿ ಎರಡು ಜಾತಿ. ಒಂದು ಪೆಟ್ಟಿಗೆ ಅಚ್ಚು: ನಾಲ್ಕೂ ಕಡೆ ಗೋಡೆ, ಮೇಲೆ ಕೆಳಗೆ ಎರಡು ಮುಖ. ಬದಿ ನೇರವಾಗಿರುವ ಸೋಪಿಗೆ ಅದು ಸರಿ, ಚೂರುಪಾರೂ ಉಳಿಯುವುದಿಲ್ಲ. ಆದರೆ ತುಂಡು ಎರಡು ಗ್ರಾಂ ಜಾಸ್ತಿ ಇದ್ದರೆ ಸೋಪ್ ಅಷ್ಟು ದಪ್ಪವಾಗುತ್ತದೆ. ಕೈಯಲ್ಲಿ ತಂತಿ ಹಿಡಿದು ತುಂಡು ಮಾಡುವ ನಮ್ಮಂಥವರಿಗೆ ತೂಕ ಹಿಡಿತಕ್ಕೆ ಸಿಗುವುದಿಲ್ಲ. ಇನ್ನೊಂದರಲ್ಲಿ ಎರಡು ಬಟ್ಟಲುಗಳು ಅಂಚಿಗೆ ಅಂಚು ಸೇರುತ್ತವೆ. ಹೆಚ್ಚಿದ್ದ ಸೋಪ್ ಆ ಅಂಚಿನಿಂದ ತೆಳ್ಳಗೆ ಹೊರಗೆ ಬಂದುಬಿಡುತ್ತದೆ. ಒಳಗಿನ ಜಾಗ ಒಂದೇ, ಹಾಗಾಗಿ ತೂಕವೂ ಒಂದೇ. ನಾವು ಇದನ್ನೇ ಆರಿಸಿಕೊಂಡೆವು. ತುಂಡನ್ನು ಬೇಕಾದ್ದಕ್ಕಿಂತ ನೂರಕ್ಕೆ ಐದಾರು ಪಾಲು ಭಾರವಾಗಿ ಕತ್ತರಿಸಿ, ಹೊರಬಂದ ಅಂಚನ್ನು ಅವತ್ತೇ ಪ್ಲಾಡರ್‌ಗೆ ವಾಪಸ್ ಹಾಕುತ್ತೇವೆ. ಮಾರನೆಯ ದಿನಕ್ಕೆ ಬಿಟ್ಟರೆ ಅದು ಒಣಗಿ ಹರಳಾಗುತ್ತದೆ, ಹೊಸ ಸೋಪಿನಲ್ಲಿ ಕಲ್ಲಿನ ಹಾಗೆ ಸಿಗುತ್ತದೆ.

ಬಟ್ಟಲಿನ ಅಳತೆಯನ್ನು ನೀರಿನಿಂದ ನೋಡಬಹುದು. ಒತ್ತಿದ ಸೋಪ್ ನೀರಿಗಿಂತ ಸ್ವಲ್ಪವೇ ಭಾರ, ಒಂದು ಮಿಲಿ ಜಾಗಕ್ಕೆ 1.05 ಗ್ರಾಂ ಹತ್ತಿರ. ಸೋಪ್ ಇಟ್ಟಷ್ಟೂ ಒಣಗಿ ತೂಕ ಇಳಿಯುತ್ತದೆ. ಹಾಗಾಗಿ 100 ಗ್ರಾಂ ಎಂದು ಮಾರುವ ಸೋಪನ್ನು ನಾವು 105 ಗ್ರಾಂ ಒತ್ತುತ್ತೇವೆ. ಅಂದರೆ ಎರಡು ಬಟ್ಟಲೂ ಸೇರಿ 100 ಮಿಲಿ ಹಿಡಿಯಬೇಕು. ಅಚ್ಚು ಮಾಡಿ ಕೊಟ್ಟಾಗ ಸಿರಿಂಜಿನಲ್ಲಿ ನೀರು ತುಂಬಿ ನೋಡಿಯೇ ತಗೊಳ್ಳಿ.

ಲೋಹ ಯಾವುದು ಎಂಬುದೂ ಯೋಚಿಸಬೇಕಾದ್ದೇ. ಅಲ್ಯೂಮಿನಿಯಂ ಕೆತ್ತುವುದು ಸುಲಭ, ಆದರೆ ಕ್ಷಾರ ಅದನ್ನು ತಿನ್ನುತ್ತದೆ. ಕಬ್ಬಿಣ ತುಕ್ಕು ಹಿಡಿದು ಸೋಪಿಗೆ ಕಲೆ ಬಿಡುತ್ತದೆ. ನಾವು ಮಾಡಿಸಿದ್ದು ಗನ್‌ಮೆಟಲ್ ಎಂಬ ಮಿಶ್ರಲೋಹದಲ್ಲಿ. ಅದರಲ್ಲಿ ತಾಮ್ರ ಇರುತ್ತದೆ. ತಾಮ್ರದ ಅಂಶ ಸೇರಿದರೆ ಸೋಪ್ ಬೇಗ ಕಮಟು ಹಿಡಿಯುತ್ತದೆ. ಅಚ್ಚು ಸೋಪಿಗೆ ತಾಗುವುದು ಒಂದು ಕ್ಷಣ ಮಾತ್ರ, ಅದರಿಂದ ತೊಂದರೆಯಿಲ್ಲ. ಆದರೆ ರಾತ್ರಿಯೆಲ್ಲ ಸೋಪ್ ಮೆತ್ತಿಕೊಂಡೇ ಇರಲು ಬಿಟ್ಟರೆ ಹಸಿರು ಕಟ್ಟುತ್ತದೆ. ಸಂಜೆ ಬಿಸಿನೀರಿನಲ್ಲಿ ತೊಳೆದು, ಒಣಗಿಸಿ ಇಡುವುದು ನಮ್ಮಲ್ಲಿ ಕಟ್ಟುನಿಟ್ಟು.

ಸೋಪಿನ ಮೇಲೆ ಕನ್ನಡದಲ್ಲೇ ಹೆಸರು ಬರಬೇಕು ಎಂಬುದು ನನ್ನ ಹಟ. ‘ತೆಂಗು’ ಎಂದು ಬರೆಸಬೇಕಿತ್ತು. ಪೀಣ್ಯದಲ್ಲಿ ಅಚ್ಚು ಕೆತ್ತುವವರು ನಕ್ಷೆ ನೋಡಿ, "ಮೇಡಂ, ಅಕ್ಷರ ಇನ್ನೂ ದಪ್ಪ ಮಾಡಿಸ್ಕೊಂಡು ಬನ್ನಿ, ಕಟ್ಟರ್ ಒಳಗೇ ಹೋಗಲ್ಲ" ಎಂದರು. ಅವರ ಮಾತು ನಿಜ. ಪುಸ್ತಕದ ಅಕ್ಷರವನ್ನು ಹಾಗೇ ಸೋಪಿನ ಮೇಲೆ ತರಲಾಗುವುದಿಲ್ಲ. ಸೋಪಿನಲ್ಲಿ ಅಕ್ಷರ ಉಬ್ಬಿರಬೇಕಾದರೆ ಅಚ್ಚಿನಲ್ಲಿ ಕಾಲುವೆ ಕೊರೆಯಬೇಕು. ಆ ಕಾಲುವೆ ಮೇಲೆ ಅಗಲ, ಕೆಳಗೆ ಕಿರಿದು, ತಳ ದುಂಡಗೆ ಇರಬೇಕು. ಗೋಡೆ ನೆಟ್ಟಗಿದ್ದರೆ ಸೋಪ್ ಒಳಗೇ ಕಚ್ಚಿಕೊಳ್ಳುತ್ತದೆ. ಕನ್ನಡದಲ್ಲಿ ಸುರುಳಿ ಜಾಸ್ತಿ ಅಲ್ವಾ, ಪ್ರತಿ ಸುರುಳಿಯ ನಡುವೆ ಲೋಹದ ಒಂದು ಗುಬುಟು ಉಳಿಯುತ್ತದೆ. ಅದರ ಸುತ್ತ ಸೋಪ್ ಸಿಕ್ಕಿಕೊಳ್ಳುತ್ತದೆ. ಸೊನ್ನೆಯದೇ ದೊಡ್ಡ ತಕರಾರು. ಅಷ್ಟು ಸಣ್ಣ ಉಂಗುರದಿಂದ ಸೋಪ್ ಬಿಡಿಸಿಕೊಂಡು ಬರುವುದೇ ಇಲ್ಲ. ಹಾಗಾಗಿ ಸೊನ್ನೆಯನ್ನು ತುಂಬಿದ ಬೊಟ್ಟು ಮಾಡಿದೆವು. ಓದುವವರಿಗೆ ಯಾವ ತೊಂದರೆಯೂ ಆಗಲಿಲ್ಲ. ಒತ್ತಕ್ಷರ ಇರುವ ಹೆಸರಾದರೆ ಇನ್ನೂ ಕಷ್ಟ. ಕೆಳಗಿನ ಅಕ್ಷರ ಸಣ್ಣದಾಗಿ, ಮೇಲಿನದಕ್ಕೆ ಅಂಟಿಕೊಂಡಿರುತ್ತದೆ. ಹೆಸರು ಆರಿಸುವಾಗಲೇ ಇದನ್ನು ನೆನಪಿಡಿ. ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿರಬೇಕು. ಕನ್ನಡ ಓದಲು ಬಾರದವರು ಕೆತ್ತುತ್ತಿದ್ದರೆ ಟ್ರೇಸಿಂಗ್ ಹಾಳೆಯ ಮೇಲೆ ಬರೆದು, ಹಾಳೆ ಮಗುಚಿ ಕೊಡುವುದೇ ಸರಿ.

ಆಕಾರವೂ ದುಂಡಗಿದ್ದಷ್ಟು ಅನುಕೂಲ. ಬೆಂಗಳೂರಿನ ಸರ್ಕಾರಿ ಸೋಪ್ ಕಾರ್ಖಾನೆಯಿಂದ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಬರುತ್ತಿರುವ ಮೈಸೂರು ಸ್ಯಾಂಡಲ್ ಸೋಪಿನ ಮೊಟ್ಟೆಯಾಕಾರ ಎಲ್ಲರಿಗೂ ಗೊತ್ತು. ಆ ಆಕಾರದ ಬುದ್ಧಿವಂತಿಕೆ ನನಗೆ ಅರ್ಥವಾಗಿದ್ದು ಪ್ರೆಸ್ ಮುಂದೆ ನಿಂತಾಗ. ಮೂಲೆಯೇ ಇಲ್ಲದ ಮೇಲೆ ಮೂಲೆ ತುಂಬದೆ ಉಳಿಯುವ ಮಾತೇ ಇಲ್ಲ, ಮೂಲೆ ಮುರಿಯುವುದೂ ಇಲ್ಲ. ನಮ್ಮದು ದಿಂಬಿನಾಕಾರ. ಆಳವಾದ ಜಾಗದಲ್ಲಿ ಗಾಳಿ ಸಿಕ್ಕಿ ಗುಳಿ ಬೀಳದಿರಲಿ ಎಂದು ಸೂಜಿಯಷ್ಟು ಸಣ್ಣ ತೂತು ಕೊರೆಸಿದ್ದೇವೆ. ಅದನ್ನು ದಿನಾ ತಂತಿಯಿಂದ ಬಿಡಿಸಬೇಕು.

ಒತ್ತುವ ಕ್ರಮ ಸರಳ. ಉಪ್ಪು ನೀರಿಗೆ ಚೂರು ಗ್ಲಿಸರಿನ್ ಸೇರಿಸಿ, ಬಟ್ಟೆ ಅದ್ದಿ ಹಿಂಡಿ, ಅಚ್ಚನ್ನು ಒರೆಸುತ್ತೇವೆ. ತೇವ ಹತ್ತಿರಬೇಕು, ಹನಿ ನಿಲ್ಲಬಾರದು. ಎಣ್ಣೆ ಸವರಿದರೆ ಅಕ್ಷರದೊಳಗೆ ತುಂಬಿಕೊಂಡು ಮಸುಕಾಗುತ್ತದೆ. ತುಂಡು ಇಟ್ಟು ಮೊದಲು ನಿಧಾನವಾಗಿ ತೋಳು ಎಳೆಯಬೇಕು. ಸೋಪ್ ಹರಡಿ ಬಟ್ಟಲು ತುಂಬುತ್ತದೆ, ಗಾಳಿ ಹೊರಗೆ ಹೋಗುತ್ತದೆ. ಚೂರು ಮೇಲೆತ್ತಿ, ಎರಡನೆಯ ಸಲ ಜೋರಾಗಿ. ಅಕ್ಷರ ಮೂಡುವುದು ಈ ಎರಡನೆಯ ಏಟಿಗೆ. ಒಂದೇ ಸಲಕ್ಕೆ ರಪ್ಪನೆ ಹೊಡೆದರೆ ಗಾಳಿ ಒಳಗೇ ಉಳಿಯುತ್ತದೆ. ಸ್ಕ್ರೂಗೆ ಒಂದು ತಡೆ ಬಳೆ ಹಾಕಿ, ಅಚ್ಚುಗಳು ಒಂದಕ್ಕೊಂದು ಬಡಿಯದ ಹಾಗೆ ಕೂದಲಷ್ಟು ಅಂತರ ಬಿಡಿಸಿ. ಬಡಿದರೆ ಅಂಚು ಮೊಂಡಾಗುತ್ತದೆ, ಆಮೇಲೆ ಪ್ರತಿ ಸೋಪಿಗೂ ದಪ್ಪ ಅಂಚು ಕಟ್ಟಿಕೊಳ್ಳುತ್ತದೆ.

ಒಂದು ಮಾತು ಬಹಳ ಗಟ್ಟಿಯಾಗಿ ಹೇಳಬೇಕು. ತುಂಡು ಇಡುವವರು ಒಬ್ಬರು, ತೋಳು ಬೀಸುವವರು ಇನ್ನೊಬ್ಬರು ಬೇಡ. ಕೆಲಸ ಬೇಗ ಸಾಗುತ್ತದೆ ಎಂದು ಹಾಗೆ ಮಾಡುವುದನ್ನು ಕಂಡಿದ್ದೇನೆ. ಒಬ್ಬರ ಲಯ ತಪ್ಪಿದರೆ ಇನ್ನೊಬ್ಬರ ಬೆರಳು ಹೋಗುತ್ತದೆ. ನಮ್ಮಲ್ಲಿ ಇಡುವವರೇ ಬೀಸುತ್ತಾರೆ. ಮರದ ಚಿಮಟದಿಂದಲೇ ಸೋಪ್ ಇಟ್ಟು ತೆಗೆಯುತ್ತೇವೆ. ತೋಳಿನ ಗುಂಡು ಸುತ್ತುವಷ್ಟು ಜಾಗಕ್ಕೆ ನೆಲದ ಮೇಲೆ ಕೆಂಪು ಬಣ್ಣದ ಗೆರೆ ಇದೆ. ಮಕ್ಕಳು ಶೆಡ್ಡಿನೊಳಗೆ ಬರುವ ಹಾಗಿಲ್ಲ.

ಬೇಸಿಗೆಯಲ್ಲಿ ಒತ್ತುತ್ತಾ ಹೋದಂತೆ ಅಚ್ಚು ಬಿಸಿಯಾಗಿ ಸೋಪ್ ಅಂಟಲು ಶುರುವಾಗುತ್ತದೆ. ದೊಡ್ಡ ಕಾರ್ಖಾನೆಗಳಲ್ಲಿ ಅಚ್ಚಿನೊಳಗೆ ತಣ್ಣನೆಯ ದ್ರವ ಹರಿಸುತ್ತಾರೆ. ನಾವು ಅಚ್ಚಿನ ಬೆನ್ನಿಗೆ ತೂತು ಕೊರೆಸಿ, ಸಣ್ಣ ಪಂಪಿನಿಂದ ಮಡಕೆಯ ತಣ್ಣೀರು ಹಾಯಿಸುತ್ತೇವೆ. ಮಳೆಗಾಲದಲ್ಲಿ ಇದನ್ನು ನಿಲ್ಲಿಸಬೇಕು. ಗಾಳಿಯ ತೇವ ತಣ್ಣನೆಯ ಅಚ್ಚಿನ ಮೇಲೆ ಬೆವರಿನಂತೆ ಕೂತು, ಸೋಪಿನ ಹೊಳಪು ಹೋಗುತ್ತದೆ. ಆ ತಿಂಗಳುಗಳಲ್ಲಿ ಎರಡು ಜೊತೆ ಅಚ್ಚು ಇಟ್ಟುಕೊಂಡು ಬದಲಾಯಿಸುವುದೇ ಉಪಾಯ.

ಒತ್ತಿದ ಸೋಪನ್ನು ಕೂಡಲೇ ಕಾಗದದಲ್ಲಿ ಸುತ್ತಬೇಡಿ. ಒಳಗೆ ಇನ್ನೂ ಬೆಚ್ಚಗಿರುತ್ತದೆ, ಸುತ್ತಿದರೆ ಬೆವರುತ್ತದೆ. ಚಾಕುವಿನಿಂದ ಅಂಚು ತೆಗೆದು, ಒಂದಕ್ಕೊಂದು ತಾಗದ ಹಾಗೆ ಜಾಲರಿ ತಟ್ಟೆಯಲ್ಲಿ ರಾತ್ರಿ ಇಡಿ. ಬೆಳಗ್ಗೆ ಕೆಲವನ್ನು ತೂಗಿ, ಒಂದನ್ನು ನೀರಿನಲ್ಲಿ ಹಾಕಿ ಅಂಚು ಸೀಳುತ್ತದೆಯಾ ನೋಡಿ. ಸೀಳದಿದ್ದರೆ ಆ ಇಡೀ ಸರಕನ್ನು ಸುತ್ತಬಹುದು. ಸೀಳಿದರೆ ಅದನ್ನು ಪಕ್ಕಕ್ಕಿಟ್ಟು, ಮತ್ತೆ ತುರಿದು, ಬರೆದಿಟ್ಟ ನೀರಿನ ಲೆಕ್ಕ ತೆರೆದು ನೋಡಿ. ಪ್ರೆಸ್ಸನ್ನು ಬಿಚ್ಚಲು ಹೋಗಬೇಡಿ.