ಫೋರ್-ವೀಲ್ ಹಾಕಿದರೂ ಮುಂದಿನ ಚಕ್ರ ಎಳೆಯುತ್ತಿಲ್ಲವೇ? ಬಿಚ್ಚುವ ಮೊದಲು ಕೈಯಲ್ಲೇ ತಿರುಗಿಸಿ ನೋಡಿ
ಮ್ಯಾನುಯಲ್ ಹಬ್ (ಚಕ್ರವನ್ನು ಆಕ್ಸಲ್ ಶಾಫ್ಟ್‌ಗೆ ಕೈಯಿಂದ ತಿರುಗಿಸಿ ಜೋಡಿಸುವ, ಚಕ್ರದ ನಡುವಿನ ಲಾಕ್) ಇರುವ, 1990ರ ದಶಕದ ಟೊಯೊಟಾ ಹೈಲಕ್ಸ್‌ನಂಥ ಪಿಕಪ್‌ಗೆ ಈ ಪರೀಕ್ಷೆ. 4ಎಚ್ (ಫೋರ್-ವೀಲ್, ಹೈ ರೇಂಜ್) ಹಾಕಿ ಎರಡಡಿ ಮುಂದೆ ಉರುಳಿಸಿ, ಇಲ್ಲದಿದ್ದರೆ ಹಲ್ಲುಗಳು ಪೂರ್ತಿ ಕೂರದೇ ಇರಬಹುದು. ಎಂಜಿನ್ ಆಫ್ ಮಾಡಿ ಫಸ್ಟ್ ಗೇರಿನಲ್ಲಿ ಬಿಡಿ. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದಿನ ಎರಡನ್ನೂ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ (ಬರೀ ಜಾಕ್ ನಂಬಿ ಕೆಳಗೆ ಹೋಗಲೇಬೇಡಿ). ಎರಡೂ ಹಬ್ ಲಾಕ್ ಮಾಡಿ. ಮೊದಲು ಮುಂದಿನ ಪ್ರೊಪೆಲ್ಲರ್ ಶಾಫ್ಟ್ (ಮುಂದಿನ ಆಕ್ಸಲ್‌ಗೆ ಬಲ ಒಯ್ಯುವ ಉದ್ದನೆಯ ದಂಡ) ಹಿಡಿದು ತಿರುಗಿಸಿ. ಸಲೀಸಾಗಿ ಸುತ್ತಿದರೆ ದೋಷ ಟ್ರಾನ್ಸ್‌ಫರ್ ಕೇಸ್ (ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಪೆಟ್ಟಿಗೆ) ಅಥವಾ ಅದರ ಲಿವರ್ ಕಡೆ. ಬಿಗಿಯಾಗಿ ನಿಂತರೆ ಒಂದು ಚಕ್ರ ತಿರುಗಿಸಿ: ಇನ್ನೊಂದು ಉಲ್ಟಾ ತಿರುಗಬೇಕು. ತಿರುಗದಿದ್ದರೆ ಡಿಫರೆನ್ಷಿಯಲ್‌ನಿಂದ ಒಂದೊಂದು ಚಕ್ರಕ್ಕೆ ಹೋಗುವ ಆಕ್ಸಲ್ ಶಾಫ್ಟ್‌ಗಳನ್ನು ನೋಡಿ. ಯಾವ ಕಡೆ ಚಕ್ರ ಮತ್ತು ಶಾಫ್ಟ್ ಜೊತೆಯಾಗಿ ತಿರುಗುವುದಿಲ್ಲವೋ ಆ ಹಬ್ ಹಿಡಿಯುತ್ತಿಲ್ಲ. ಹೆಚ್ಚಾಗಿ ಗ್ರೀಸ್ ಗಟ್ಟಿಯಾಗಿರುತ್ತದೆ. ಮುಂದಿನದು ಓಪನ್ ಡಿಫರೆನ್ಷಿಯಲ್ (ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ, ಲಾಕ್ ಇಲ್ಲದ ಗೇರು), ಆದ್ದರಿಂದ ಒಂದು ಹಬ್ ಕೈಕೊಟ್ಟರೂ ಬಲವೆಲ್ಲ ಅಲ್ಲೇ ಸೋರಿ ಎರಡೂ ಚಕ್ರ ಸುಮ್ಮನಾಗುತ್ತವೆ. ವ್ಯಾಕ್ಯೂಮ್‌ನಿಂದ ಕೂರುವ ಅಥವಾ ಆಟೊಮ್ಯಾಟಿಕ್ ಹಬ್‌ಗಳಿಗೆ ಇದು ನಂಬಿಕೆಗೆ ಅರ್ಹವಲ್ಲ, ಎಂಜಿನ್ ಆಫ್ ಇದ್ದಾಗ ಅವು ಬಿಟ್ಟುಕೊಂಡಿರಬಹುದು. ಸವೆದು ಭಾರದಲ್ಲಿ ಮಾತ್ರ ಜಾರುವ ಟ್ರಾನ್ಸ್‌ಫರ್ ಕೇಸಿನ ಚೈನ್ ಕೂಡ ಇದರಲ್ಲಿ ಸಿಕ್ಕಿಬೀಳುವುದಿಲ್ಲ.