ಅಜ್ಞಾತದ ಬೆನ್ನು ಹತ್ತುವ ಕ್ರಮ

ಕಾರಣ ತಿಳಿಯದ ಒಂದು ಬೆಳಕೋ ಗುರುತೋ ಎದುರಾದೊಡನೆ ಅದರ ಬೆನ್ನು ಹತ್ತಬೇಕೆನಿಸುವುದು ಮನುಷ್ಯಸಹಜ. ಆ ತುಡಿತ ಬರಿಯ ಬೆರಗಾಗಿ ಉಳಿಯದೆ ಅನ್ವೇಷಣೆಯಾಗಬೇಕಾದರೆ ಮೊದಲು ಬೇಕಾದದ್ದು ಒಂದು ಟಿಪ್ಪಣಿ ಪುಸ್ತಕ. ಕಂಡದ್ದನ್ನು ದಿನಾಂಕ, ಗಂಟೆ, ಸ್ಥಳ ಮತ್ತು ಹವೆಯ ವಿವರಗಳೊಂದಿಗೆ ಕಂಡ ಹಾಗೆಯೇ ಬರೆಯಿರಿ; ಊಹೆಗಳಿಗೆ ಬೇರೆ ಪುಟವಿರಲಿ. ಇವೆರಡನ್ನೂ ನೆನಪು ಬಲುಬೇಗ ಬೆರೆಸಿಬಿಡುತ್ತದೆ, ಆಮೇಲೆ ಬಿಡಿಸುವುದು ಕಷ್ಟ.

ಅನಂತರ ಪ್ರಶ್ನೆಯನ್ನು ಕಿರಿದುಗೊಳಿಸಿ. ನನ್ನ ದೃಷ್ಟಿಯಲ್ಲಿ ಇಡೀ ಕೆಲಸದ ತಿರುಳು ಇದೇ. ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿಯಲ್ಲಿ ರೇಸ್‌ಟ್ರ್ಯಾಕ್ ಪ್ಲಾಯಾ ಎಂಬ ಒಣಗಿದ ಸರೋವರವಿದೆ. ಅಲ್ಲಿನ ಕಲ್ಲುಗಳು ತಮ್ಮ ಹಿಂದೆ ಉದ್ದನೆಯ ಜಾಡು ಬಿಟ್ಟು ಸರಿದಿರುತ್ತಿದ್ದವು, ಆದರೆ ಸರಿಯುವುದನ್ನು ಕಂಡವರಿರಲಿಲ್ಲ. ‘ಇದೇನು ವಿಚಿತ್ರ’ ಎಂಬ ಪ್ರಶ್ನೆಗೆ ಎಷ್ಟು ಕಥೆಗಳನ್ನಾದರೂ ಕಟ್ಟಬಹುದು. ಸಂಶೋಧಕರಾದ ರಿಚರ್ಡ್ ನಾರಿಸ್, ಜೇಮ್ಸ್ ನಾರಿಸ್ ಮತ್ತು ಸಂಗಡಿಗರು ಕೇಳಿದ್ದು, ಕಲ್ಲು ಯಾವ ಗಳಿಗೆಯಲ್ಲಿ, ಯಾವ ಹವೆಯಲ್ಲಿ, ಎಷ್ಟು ವೇಗದಲ್ಲಿ ಚಲಿಸುತ್ತದೆ ಎಂದು. ಅವರು 2011ರ ಚಳಿಗಾಲದಲ್ಲಿ ಜಿಪಿಎಸ್ ಅಳವಡಿಸಿದ ಕಲ್ಲುಗಳನ್ನು ಅಲ್ಲಿಟ್ಟು, ಪಕ್ಕದಲ್ಲಿ ಹವಾಮಾನ ಅಳೆಯುವ ಉಪಕರಣಗಳನ್ನು ನಿಲ್ಲಿಸಿ ಕಾದರು. ಉತ್ತರ ದೊರೆತದ್ದು 2013ರ ಡಿಸೆಂಬರಿನಲ್ಲಿ: ಅಲ್ಲಿ ಆಳವಿಲ್ಲದೆ ನಿಂತಿದ್ದ ಮಳೆನೀರು ರಾತ್ರಿ ತೆಳುವಾಗಿ ಹೆಪ್ಪುಗಟ್ಟಿ, ಬಿಸಿಲೇರಿದಾಗ ಹಾಳೆಹಾಳೆಯಾಗಿ ಒಡೆಯುತ್ತಿತ್ತು, ಮತ್ತು ಹಗುರವಾದ ಗಾಳಿಗೆ ತೇಲುವ ಆ ಮಂಜುಗಡ್ಡೆಯೇ ಕಲ್ಲುಗಳನ್ನು ಕೆಸರಿನ ಮೇಲೆ ನಿಮಿಷಕ್ಕೆ ಕೆಲವು ಮೀಟರುಗಳಂತೆ ತಳ್ಳುತ್ತಿತ್ತು. ಎರಡು ವರ್ಷ ಕಾಯುವ ತಾಳ್ಮೆಯನ್ನೂ ಉಪಕರಣಗಳ ಪಟ್ಟಿಯಲ್ಲಿ ಸೇರಿಸಿಕೊಳ್ಳಿ.

ಅಸಾಧಾರಣ ಕಾರಣವನ್ನು ಒಪ್ಪುವ ಮೊದಲು ಸಾಧಾರಣ ಕಾರಣಗಳನ್ನು ಒಂದೊಂದಾಗಿ ಪರೀಕ್ಷಿಸಿ ತಳ್ಳಿಹಾಕಬೇಕು. 1967ರಲ್ಲಿ ಕೇಂಬ್ರಿಜ್‌ನ ವಿದ್ಯಾರ್ಥಿನಿ ಜೋಸೆಲಿನ್ ಬೆಲ್, ರೇಡಿಯೊ ದೂರದರ್ಶಕದಿಂದ ದಿನಕ್ಕೆ ಸುಮಾರು 30 ಮೀಟರಿನಷ್ಟು ಹೊರಬರುತ್ತಿದ್ದ ಕಾಗದದ ಸುರುಳಿಯಲ್ಲಿ ಒಂದು ಸಣ್ಣ ಗೀಚನ್ನು ಗಮನಿಸಿದರು. ಭೂಮಿಯ ಮೇಲಿನ ಅಡಚಣೆಯೇ, ಉಪಕರಣದ ದೋಷವೇ ಎಂಬುದನ್ನೆಲ್ಲ ಪರಿಶೀಲಿಸಲಾಯಿತು, ಸುಮಾರು 1.33 ಸೆಕೆಂಡಿಗೊಮ್ಮೆ ಮಿಡಿಯುವ ಆ ಸಂಕೇತ ಅನ್ಯಜೀವಿಗಳದ್ದಾಗಿರಬಹುದೇ ಎಂಬ ಯೋಚನೆಯೂ ಸುಳಿಯಿತು. ಅಂಥದೇ ಇನ್ನೊಂದು ಮೂಲವನ್ನು ಆಕಾಶದ ಬೇರೊಂದು ದಿಕ್ಕಿನಲ್ಲಿ ಅವರು ಕಂಡಾಗ ಆ ಯೋಚನೆ ಬಲ ಕಳೆದುಕೊಂಡಿತು, ಅವು ಪಲ್ಸಾರ್‌ಗಳು, ಎಂದರೆ ವೇಗವಾಗಿ ತಿರುಗುತ್ತ ರೇಡಿಯೊ ಮಿಡಿತಗಳನ್ನು ಬೀರುವ ನಕ್ಷತ್ರಗಳು ಆಗಿದ್ದವು. ಆದ್ದರಿಂದ ನಿಮ್ಮ ಪ್ರತಿಯೊಂದು ಊಹೆಯ ಕೆಳಗೂ ‘ಏನು ಕಂಡರೆ ಇದನ್ನು ಕೈಬಿಡುತ್ತೇನೆ’ ಎಂದು ಮೊದಲೇ ಬರೆದಿಡಿ.

ಹುಡುಕಾಟ ಗುಹೆಯಂಥ ಅಪರಿಚಿತ ಜಾಗಕ್ಕೆ ಒಯ್ಯುವುದಾದರೆ ಒಬ್ಬರೇ ಹೋಗಬೇಡಿ. ಅನುಭವಿಗಳ ಜೊತೆಯಿರಲಿ, ಪ್ರತಿಯೊಬ್ಬರ ಬಳಿಯೂ ಮೂರು ದೀಪಗಳಿರಲಿ, ಮರಳುವ ಹೊತ್ತು ಹೊರಗಿರುವ ಒಬ್ಬರಿಗಾದರೂ ತಿಳಿದಿರಲಿ.

ಕಾರಣ ಸಿಗದೆಯೂ ಹೋಗಬಹುದು. ಆಗ ‘ತಿಳಿಯಲಿಲ್ಲ’ ಎಂದು ಬರೆದು, ಯಾವ ಯಾವ ಕಾರಣಗಳನ್ನು ಹೇಗೆ ತಳ್ಳಿಹಾಕಿದಿರಿ ಎಂಬುದನ್ನು ಅದರ ಕೆಳಗೆ ದಾಖಲಿಸಿ. ಮುಂದೆ ಅದನ್ನೇ ಹುಡುಕಿ ಬರುವವರು ಅಲ್ಲಿಂದ ಆರಂಭಿಸಬಹುದು.